ಮಗಳು ಕೂರುತ್ತಿದ್ದ ಆ ಮೇಜು

ಹೋದ ವಾರ ಅಂಗಡಿಯಲ್ಲಿ ಕಟಿಂಗ್ ಮಷೀನಿನ ಮುಂದೆ ಬಗ್ಗಿ ನಿಂತಿದ್ದಾಗ ನೀಲಗಿರಿ ಎಣ್ಣೆಯ ವಾಸನೆ ಬಂತು. ತಲೆ ಎತ್ತುವ ಮೊದಲೇ "ಬರ್ರಿ ಸರ" ಎಂದುಬಿಟ್ಟಿದ್ದೆ. ನೋಡಿದರೆ ಕೌಂಟರಿನ ಆಚೆ ನಿಂತಿದ್ದವಳು ಒಬ್ಬ ಚೀನೀ ಹುಡುಗಿ. ಶೀತವಾಗಿತ್ತೇನೋ, ಕರ್ಚೀಫನ್ನು ಮೂಗಿಗೆ ಒತ್ತಿಕೊಂಡಿದ್ದಳು. ನಾನು ಕರೆದದ್ದು ಅವಳಿಗೆ ಅರ್ಥವಾಗಲಿಲ್ಲ. ಅಸೈನ್‌ಮೆಂಟ್ ಪ್ರಿಂಟ್ ಮಾಡಿಸಿಕೊಂಡು ಹೋದಳು. ವಾಸನೆ ಮಾತ್ರ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇತ್ತು...

ಎದುರು ಕಾಲೇಜಿನ ಮೇಷ್ಟ್ರು ಬರುತ್ತಿದ್ದದ್ದೂ ಹೀಗೇ. ಅವರಿಗಿಂತ ಮೊದಲು ಅವರ ಕರ್ಚೀಫು ಅಂಗಡಿಯೊಳಗೆ ಬರುತ್ತಿತ್ತು. ಉಡುಪಿ ಕಡೆಯವರು, ಸಮಾಜಶಾಸ್ತ್ರ ಕಲಿಸುತ್ತಿದ್ದರು. ಹೊರಗೆ ಸುಡುವ ಬಿಸಿಲು, ಕ್ಲಾಸ್‌ರೂಮಿನೊಳಗೆ ಹಲ್ಲು ಕಟಕಟ ಅನ್ನಿಸುವ ಏಸಿ. ಅದು ಅವರ ಮೂಗಿಗೆ ಆಗಿಬರುತ್ತಿರಲಿಲ್ಲ. "ಇದು ಕಾಲೇಜಾ, ಐಸ್‌ಕ್ರೀಂ ಫ್ಯಾಕ್ಟರಿಯಾ ಮಾರಾಯ್ರೆ" ಎಂದು ಬೈದುಕೊಳ್ಳುತ್ತಲೇ ಬಂದು, ಪಾಠದ ಹಾಳೆಗಳನ್ನು ಕಾಪಿ ಮಾಡಿಸಿಕೊಂಡು ಹೋಗುತ್ತಿದ್ದರು.

ನನ್ನದು ಮಲೇಷ್ಯಾದ ಸುಬಾಂಗ್ ಜಯಾದಲ್ಲಿ, ಆ ಖಾಸಗಿ ಕಾಲೇಜಿನ ಗೇಟಿನ ಎದುರಿನ ಅಂಗಡಿ ಸಾಲಿನಲ್ಲಿ, ಪ್ರಿಂಟಿಂಗ್ ಕೆಲಸ. ಫೋಟೋಸ್ಟಾಟು, ಬೈಂಡಿಂಗು, ಪೋಸ್ಟರು, ಬ್ಯಾನರು. ಊರು ಗದಗ. ಎಂಟನೆಯ ಇಯತ್ತೆಯ ನಡುವೆಯೇ ಶಾಲೆ ಬಿಟ್ಟು ಪ್ರೆಸ್ಸಿಗೆ ಸೇರಿದವನು. ಅಚ್ಚಿನ ಮೊಳೆ ಜೋಡಿಸುತ್ತ, ಬೈಸಿಕೊಳ್ಳುತ್ತ, ಮುಂದೆ ಆಫ್‌ಸೆಟ್ ಕಲಿತು, ಕ್ವಾಲಾಲಂಪುರದ ಒಂದು ಪ್ರೆಸ್ಸಿಗೆ ಆಪರೇಟರ್ ಆಗಿ ಬಂದೆ. ಇಲ್ಲೇ ಹುಟ್ಟಿದ ತಮಿಳು ಹುಡುಗಿಯನ್ನು ಮದುವೆಯಾಗಿ ಇಲ್ಲೇ ನಿಂತೆ. ಈ ಅಂಗಡಿಯನ್ನು ಯಾರ ಕೈಕಾಲು ಹಿಡಿದೂ ಮಾಡಿದ್ದಲ್ಲ. ಹಾಗೆಂದು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ.

ಮೇಷ್ಟ್ರ ಮೇಲೆ ಮೊದಮೊದಲು ಅಭಿಮಾನವೇ ಇತ್ತು. ಬಾಯಿ ತುಂಬ ಕನ್ನಡ ಆಡುವವರು ಇಲ್ಲಿ ಸಿಗುವುದು ಅಪರೂಪ. ಅವರ "ಎಂತದು", "ಉಂಟು" ಕೇಳಿದರೆ ನನಗೆ ನಗು. ನಾನು "ಐತಿ", "ಹೌದ್ರಿ" ಎಂದರೆ ಅವರಿಗೆ ನಗು. ಹೊಟ್ಟೆಕಿಚ್ಚು ಶುರುವಾದದ್ದು ನನ್ನ ಮಗಳು ಆ ಕಾಲೇಜಿಗೆ ಸೇರಿ ಅವರ ಕ್ಲಾಸಿನಲ್ಲಿ ಕೂತ ಮೇಲೆ.

ಒಬ್ಬಳೇ ಮಗಳು. ಕನ್ನಡ ಪೂರ್ತಿ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳಮ್ಮನ ಜೊತೆ ಗಂಟೆಗಟ್ಟಲೆ ತಮಿಳು. ನನ್ನ ಪಾಲಿಗೆ ಉಳಿದದ್ದು "ಓಕೆ ಅಪ್ಪಾ", "ಲೇಟರ್ ಲಾ ಅಪ್ಪಾ". ಕಾಲೇಜಿಗೆ ಸೇರಿದ ಹೊಸದರಲ್ಲಿ ಊಟಕ್ಕೆ ಕೂತಾಗ ಏನೇನೋ ತೆಗೆಯುತ್ತಿದ್ದಳು. ಆ ಪಕ್ಷ ಹೀಗೆ, ಈ ಮಂತ್ರಿ ಹಾಗೆ, ಕಾಲೇಜಿನಲ್ಲಿ ನಾವು ಹೀಗೆ ಮಾಡಬೇಕು ಅಂತ. ನನ್ನ ಉತ್ತರ ಯಾವಾಗಲೂ ಒಂದೇ: "ನಿನ್ನ ಕೆಲಸ ಓದೂದು. ಅದನ್ನ ಮಾಡು." ಕ್ರಮೇಣ ಅವಳು ತೆಗೆಯುವುದನ್ನೇ ಬಿಟ್ಟಳು. ತಟ್ಟೆ ಎತ್ತಿಕೊಂಡು ರೂಮಿಗೆ ಹೋಗುತ್ತಿದ್ದಳು. ನಾನು ಅದನ್ನು ಗೆಲುವು ಎಂದುಕೊಂಡಿದ್ದೆ.

ಆ ಕಾಲೇಜಿನ ಬಗ್ಗೆ ಒಂದು ಮಾತು ಹೇಳಬೇಕು. ಇಲ್ಲಿ ಎಲ್ಲ ಅಭಿಪ್ರಾಯಕ್ಕೂ ಜಾಗವಿದೆ ಎಂದು ಗೇಟಿನ ಒಳಗೆ ದೊಡ್ಡ ಬೋರ್ಡು ಇತ್ತು. ಅದನ್ನು ಪ್ರಿಂಟ್ ಮಾಡಿದವನು ನಾನೇ. ಆದರೆ ಪೋಸ್ಟರ್ ಮಾಡಿಕೊಡುವವನಿಗೆ ಒಳಗಿನ ಗಾಳಿ ಎತ್ತ ಬೀಸುತ್ತಿದೆ ಎಂದು ಬೇಗ ತಿಳಿಯುತ್ತದೆ. ಹೆಚ್ಚಿನ ಮಕ್ಕಳದು ಒಂದೇ ದನಿ. ಎಲ್ಲರೂ ಸಮ, ಧರ್ಮದ ರಾಜಕೀಯ ಬೇಡ, ಹಳೆಯದೆಲ್ಲ ಹೋಗಲಿ ಎಂಬ ದನಿ. ಅವರು ಹಿಂಡುಹಿಂಡಾಗಿ ಬಂದು, ನಗುತ್ತ, ಬಣ್ಣ ಆರಿಸಿ, ಪೋಸ್ಟರನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗುತ್ತಿದ್ದರು. ಬೇರೆ ಮಾತು ಹೇಳಬೇಕೆನ್ನುವವರು ಒಬ್ಬೊಬ್ಬರಾಗಿ ಬರುತ್ತಿದ್ದರು. ಅಕ್ಷರ ಒಳಗಾಗುವ ಹಾಗೆ ಸುತ್ತಿಕೊಡಿ ಅಂಕಲ್ ಎನ್ನುತ್ತಿದ್ದರು. ಕೆಲವರು ಮೇಲೊಂದು ಹಳೇ ಪೇಪರನ್ನೂ ಸುತ್ತಿಸಿಕೊಳ್ಳುತ್ತಿದ್ದರು. ನಾನು ಇಬ್ಬರದನ್ನೂ ಅಷ್ಟೇ ಚೊಕ್ಕವಾಗಿ ಮಾಡಿಕೊಡುತ್ತಿದ್ದೆ. ಅದರೊಳಗೆ ಏನಿದೆ ಎಂದು ಒಬ್ಬರದನ್ನು ಇನ್ನೊಬ್ಬರಿಗೆ ಹೇಳಿದವನಲ್ಲ.

ಮೇಷ್ಟ್ರಿಗೂ ಇದು ಕಂಡಿತ್ತು. ಒಂದು ದಿನ ಉತ್ತರಪತ್ರಿಕೆಗಳ ಕಟ್ಟನ್ನು ಕೌಂಟರಿನ ಮೇಲಿಟ್ಟು, "ಎಲ್ಲರದ್ದೂ ಒಂದೇ ಉತ್ತರ. ನನಗೆ ಇಷ್ಟ ಆಗ್ತದೆ ಅಂತ ಬರೀತಾರೆ. ನನಗೆ ಯಾವುದು ಇಷ್ಟ ಅಂತ ಇವರಿಗೆ ಯಾರು ಹೇಳಿದ್ದು?" ಎಂದರು. ನಿಜ. ಅವರು ಯಾವ ಕಡೆಯವರು ಎಂದು ಯಾರಿಗೂ ಗೊತ್ತಿರಲಿಲ್ಲ. ನಾನೂ ಕೆಣಕಿ ನೋಡಿದ್ದೆ. ಊರಿನ ರಾಜಕೀಯ ತೆಗೆದರೂ, ಇಲ್ಲಿಯದು ತೆಗೆದರೂ, ಆ ಕಡೆಯವರದ್ದು ಹೀಗೆ, ಈ ಕಡೆಯವರದ್ದು ಹೀಗೆ ಎಂದು ಹದವಾಗಿ ಹೇಳಿ, ಮೂಗು ಒರೆಸಿಕೊಂಡು ಹೋಗುತ್ತಿದ್ದರು.

ಆಮೇಲೆ ಅವರು ಗುರುವಾರದ ಮೇಜು ಶುರುಮಾಡಿದರು. ನನ್ನ ಅಂಗಡಿಯಿಂದ ಎರಡು ಬಾಗಿಲು ಆಚೆಗೆ ಒಂದು ಮಾಮಾಕ್ ಹೋಟೆಲು, ತಮಿಳು ಮುಸ್ಲಿಮರದು. ಹೊರಗಡೆ ಪ್ಲಾಸ್ಟಿಕ್ ಕುರ್ಚಿ, ಸ್ಟೀಲ್ ಮೇಜು, ಎತ್ತರದಿಂದ ಹೊಯ್ದು ನೊರೆ ಬರಿಸಿದ ಚಹಾ. ಗುರುವಾರ ಸಂಜೆ ಅಲ್ಲಿ ಮೇಷ್ಟ್ರು ಕೂರುತ್ತಿದ್ದರು. ಯಾವ ವಿದ್ಯಾರ್ಥಿ ಬೇಕಾದರೂ ಬರಬಹುದು, ಯಾವ ಪಕ್ಷದವರಾದರೂ ಸರಿ. ಒಂದೇ ಒಂದು ನಿಯಮ. ನೀನು ಯಾವ ಅಭಿಪ್ರಾಯವನ್ನು ವಿರೋಧಿಸಬೇಕೆಂದಿದ್ದೀಯೋ, ಮೊದಲು ಅದನ್ನು ನಿಜವಾಗಿ ನಂಬಿರುವ ಒಬ್ಬ ಜೀವಂತ ಮನುಷ್ಯನನ್ನು ಹುಡುಕಬೇಕು. ಫೋನಿನಲ್ಲಿ ಓದಿದ್ದು ಲೆಕ್ಕಕ್ಕಿಲ್ಲ. ಅವನ ಎದುರು ಕೂತು, ಅವನ ಮಾತನ್ನು ನಿನ್ನ ಬಾಯಿಂದ ಹೇಳಬೇಕು. ಅವನು "ಹೌದು, ನಾನು ಹೇಳೂದು ಇದೇ" ಎನ್ನಬೇಕು. ಹಾಗೆ ಹೌದು ಅನ್ನಿಸಿಕೊಂಡು ಬಂದ ಮೇಲೆ ಎಷ್ಟು ಬೇಕಾದರೂ ವಿರೋಧಿಸು. ಅಲ್ಲಿಯವರೆಗೆ ಚಹಾ ಕುಡಿ, ಬಾಯಿ ಮುಚ್ಚಿಕೊಂಡು ಕೇಳು.

ಇದೇನು ಆಟ ಎಂದುಕೊಂಡಿದ್ದೆ. ಆದರೆ ಮಕ್ಕಳು ಮುತ್ತಿಕೊಂಡರು. ಪೋಸ್ಟರನ್ನು ಸುತ್ತಿ ಮುಚ್ಚಿ ಒಯ್ಯುತ್ತಿದ್ದವರೂ ಬಂದರು. ಒಬ್ಬರನ್ನೊಬ್ಬರು ಹುಡುಕಿಕೊಂಡು ಹೋಗಬೇಕಲ್ಲ, ಹೌದು ಅನ್ನಿಸಿಕೊಳ್ಳಲು! ಕ್ಯಾಂಪಸ್ಸಿನಲ್ಲಿ ಮುಖ ತಿರುಗಿಸುತ್ತಿದ್ದವರು ಆ ಮೇಜಿಗೆ ಬರಬೇಕೆಂದರೆ ಪರಸ್ಪರ ಬೇಕಾದರು.

ನನ್ನ ಮಗಳು ಪ್ರತಿ ಗುರುವಾರ ಹೋಗತೊಡಗಿದಳು.

ಅಂಗಡಿಯ ಹೊರಗೆ, ಚಾವಣಿಯಿರುವ ಕಾಲುದಾರಿಗೆ ಇಳಿದು ನಿಂತರೆ ಆ ಮೇಜು ಕಾಣುತ್ತಿತ್ತು. ಬ್ಯಾನರಿನ ಅಂಚಿಗೆ ಹಗ್ಗ ಪೋಣಿಸುವ ಲೋಹದ ಕಣ್ಣು ಹೊಡೆಯುವ ಕೆಲಸವನ್ನು ನಾನು ಒಳಗೆ ಮಾಡಬಹುದಿತ್ತು. ಗುರುವಾರ ಮಾತ್ರ ಹೊರಗೆ ನಿಂತು ಮಾಡುತ್ತಿದ್ದೆ. ಮನೆಯಲ್ಲಿ ಎರಡು ಮಾತಿಗೆ ಎದ್ದು ಹೋಗುವ ಹುಡುಗಿ ಅಲ್ಲಿ ಕೈ ಬೀಸಿ ಬೀಸಿ ಮಾತಾಡುತ್ತಿದ್ದಳು. ರೊಟ್ಟಿ ಹರಿದು ಪಕ್ಕದವಳ ಸಾರಿಗೆ ಅದ್ದುತ್ತಿದ್ದಳು. ಮೇಷ್ಟ್ರು ಏನೋ ಕೇಳಿದರೆ ಗಲ್ಲಕ್ಕೆ ಕೈಕೊಟ್ಟು ಯೋಚಿಸುತ್ತಿದ್ದಳು. ನಾನು ಏನಾದರೂ ಕೇಳಿದಾಗ ಅವಳು ಯೋಚಿಸಿದ್ದನ್ನು ನಾನು ನೋಡಿರಲಿಲ್ಲ.

ಅವರಲ್ಲಿ ಏನಿತ್ತು ಎಂದು ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ನೋಡಲು ನನಗಿಂತ ಚೆನ್ನಾಗಿರಲಿಲ್ಲ. ಅಂಗಿಯನ್ನು ಸರಿಯಾಗಿ ಇಸ್ತ್ರಿ ಮಾಡಿಸುತ್ತಿರಲಿಲ್ಲ. ಒಂದು ಹಾಳೆಯನ್ನು ನೆಟ್ಟಗೆ ಮಡಚಲು ಬರುತ್ತಿರಲಿಲ್ಲ. ಇಂಗ್ಲಿಷ್ ಇತ್ತು, ಡಿಗ್ರಿ ಇತ್ತು... ಅಷ್ಟೇ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅವರು ಅಂಗಡಿಗೆ ಬಂದರೆ ಮೊದಲಿನಂತೆ ಸ್ಟೂಲು ಎಳೆದು ಕೊಡುವುದನ್ನು ನಿಲ್ಲಿಸಿದೆ. ಅವರು ನಿಂತೇ ಮಾತಾಡಿ ಹೋಗುತ್ತಿದ್ದರು. ಗಮನಿಸಿದ್ದರೋ ಇಲ್ಲವೋ.

ಮಗಳು ಎರಡನೆಯ ವರ್ಷದಲ್ಲಿದ್ದಾಗ ದೇಶದ ಚುನಾವಣೆ ಬಂತು. ಕಾಲೇಜಿನ ವಿದ್ಯಾರ್ಥಿ ಮಂಡಳಿ ಬೇರೆ ಬೇರೆ ಪಕ್ಷಗಳ ಯುವ ನಾಯಕರನ್ನು ಕರೆಸಿ ಸಂವಾದ ಮಾಡಿಸಲು ಹೊರಟಿತು. ಒಂದು ಪಕ್ಷವನ್ನು ಮಾತ್ರ ಕರೆಯುವುದಿಲ್ಲ ಎಂದರು. ಅವರ ಮಾತು ಹೆಚ್ಚಿನ ಮಕ್ಕಳಿಗೆ ಆಗುತ್ತಿರಲಿಲ್ಲ. ಕೆಲವರು ಅವರನ್ನೂ ಕರೆಯಿರಿ ಎಂದರು. ಇದನ್ನು ತೀರ್ಮಾನಿಸಲು ಎಲ್ಲ ವಿದ್ಯಾರ್ಥಿಗಳ ಸಭೆ ಗೊತ್ತಾಯಿತು. ನನ್ನ ಮಗಳು ಕರೆಯಬಾರದು ಎನ್ನುವ ಗುಂಪಿನಲ್ಲಿ ಮುಂದೆ ಇದ್ದಳು. ಎರಡೂ ಗುಂಪಿನ ಪೋಸ್ಟರು ನನ್ನ ಅಂಗಡಿಯಲ್ಲೇ ಆದವು. ನನ್ನ ಅಭಿಪ್ರಾಯ ಯಾರೂ ಕೇಳಲಿಲ್ಲ. ಕೇಳಿದ್ದರೆ ಯಾವ ಪಕ್ಷದವರೂ ಕಾಲೇಜಿನ ಮೆಟ್ಟಿಲು ಹತ್ತಬಾರದು ಎನ್ನುತ್ತಿದ್ದೆ. ಓದುವ ಮಕ್ಕಳಿಗೆ ರಾಜಕೀಯ ಯಾಕೆ?

ಗುರುವಾರದ ಮೇಜಿನಲ್ಲಿ ಈ ಮಾತೂ ಬಂದಿತಂತೆ. ಮಗಳು ನಕ್ಕು, ಅದು ಅಂಕಲ್‌ಗಳ ಮಾತು, ಅದನ್ನೆಲ್ಲ ಯಾರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ ಎಂದಳಂತೆ. ಮೇಷ್ಟ್ರು ಆ ನಗುವನ್ನು ಹಿಡಿದರು. ಸಭೆಯಲ್ಲಿ ನೀನು ಮಾತಾಡಬೇಕಾದರೆ ಮೊದಲು ಇದಕ್ಕೇ ಹೌದು ಅನ್ನಿಸಿಕೊಂಡು ಬಾ ಎಂದರು.

ಇದಾದ ಮೇಲೆ ಅವಳು ನನ್ನ ಹತ್ತಿರ ಬಂದಳು ಎಂದುಕೊಂಡರೆ ತಪ್ಪು. ಮಾಂಟ್ ಕಿಯಾರಾದ ಗೆಳತಿಯ ಮನೆಗೆ ಹೋಗುವಾಗ ಆ್ಯಪಿನಲ್ಲಿ ಕರೆಸಿದ ಕಾರಿನ ಡ್ರೈವರನ್ನು ಕೇಳಿದಳು! ಇಳಿಯುವಷ್ಟರಲ್ಲಿ ಅವನು ಹೌದು ಹೌದು ಎಂದನಂತೆ. ಮೇಷ್ಟ್ರು ಒಪ್ಪಲಿಲ್ಲ. ನೀನು ಬೇಗ ಇಳಿಯಲಿ ಅಂತ ಹೇಳಿದ್ದಾನೆ, ನಾಳೆಯೂ ಸಿಗುವವರನ್ನು ಕೇಳು ಎಂದರು. ಆಗ ಪಕ್ಕದಲ್ಲಿದ್ದ ಯಾರೋ, ನಿನ್ನ ಅಪ್ಪನ ಅಂಗಡಿ ಇಲ್ಲೇ ಇದೆಯಲ್ಲ ಎಂದು ನೆನಪಿಸಿದರಂತೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಹುಟ್ಟಿದಾಗಿನಿಂದ ನೋಡಿದ ಅಪ್ಪನನ್ನು ಬಿಟ್ಟು, ಹೆಸರೂ ಗೊತ್ತಿಲ್ಲದ ಡ್ರೈವರನ್ನು ಕೇಳಿದ್ದಳು. ಕೊನೆಗೆ ನನ್ನ ಹತ್ತಿರ ಬಂದದ್ದೂ ಅವರು ಕಳಿಸಿದ್ದಕ್ಕೆ.

ಆದರೂ ಬಂದಳು. ಒಂದು ಮಧ್ಯಾಹ್ನ ಕಟಿಂಗ್ ಮಷೀನಿನ ಪಕ್ಕದ ಸ್ಟೂಲಿನ ಮೇಲೆ ಕೂತು, ವಿಷಯವನ್ನು ವಿವರಿಸಿ, "ಸೋ ಅಪ್ಪಾ, ಸ್ಟೂಡೆಂಟ್ಸ್ ಸಣ್ಣವರು, ಬುದ್ಧಿ ಬಂದಿಲ್ಲ, ಅದಕ್ಕೆ ಪೊಲಿಟಿಕ್ಸ್ ಬೇಡ. ಈಸ್ ದಟ್ ಇಟ್?" ಎಂದಳು.

"ಅಲ್ಲ," ಎಂದೆ.

ನಿಜವಾಗಿಯೂ ಅಲ್ಲ. ಇವಳಿಗೆ ಬುದ್ಧಿ ಇಲ್ಲ ಎಂದು ನಾನು ಯಾವತ್ತೂ ಎಂದುಕೊಂಡಿರಲಿಲ್ಲ. ಮರುದಿನ ಮತ್ತೆ ಬಂದಳು. ಫೀಸು ಕಟ್ಟುವವರು ಅಪ್ಪ ಅಮ್ಮ, ಅದಕ್ಕೆ ಅವರು ಹೇಳಿದಂತೆ ಕೇಳಬೇಕು, ಅದೇ ತಾನೆ ಎಂದಳು. ಅದೂ ಅಲ್ಲ. ಹಾಗಾದರೆ ಏನು ಎಂದಳು. ಸ್ಟೂಲನ್ನು ಹತ್ತಿರ ಎಳೆದುಕೊಂಡಳು. ಗಲ್ಲಕ್ಕೆ ಕೈಕೊಟ್ಟಳು.

ಅಂಗಡಿಯಲ್ಲಿ ಮೂರು ಜನ ಗಿರಾಕಿಗಳಿದ್ದರು. ಕೆಲಸದವಳಿಗೆ ನೋಡಿಕೋ ಎಂದೆ. ಯಾರಿಗೂ ಹೇಳಿರದ ಮಾತು ತೆಗೆದೆ.

ನಮ್ಮಣ್ಣ ಪಿಯುಸಿಯಲ್ಲಿದ್ದಾಗ ಬಸ್ ಪಾಸಿಗಾಗಿ ವಿದ್ಯಾರ್ಥಿಗಳ ಸ್ಟ್ರೈಕು. ಮುಂದೆ ನಿಂತು ಕೂಗಿದವರಲ್ಲಿ ಅವನೂ ಒಬ್ಬ. ಕಲ್ಲು ಬಿತ್ತು, ಬಸ್ಸಿನ ಗಾಜು ಒಡೆಯಿತು, ಇವನ ಹೆಸರು ಕಾಲೇಜಿನಿಂದ ಹೋಯಿತು. ಹಿರಿಯ ಮಗ ಹಾಳಾಗಬಾರದು ಎಂದು ಅಪ್ಪ ಅವನನ್ನು ಬೇರೆ ಊರಿನ ಕಾಲೇಜಿಗೆ ಸೇರಿಸಿ ರೂಮು ಮಾಡಿಕೊಟ್ಟರು. ಇಬ್ಬರನ್ನು ಓದಿಸುವ ಶಕ್ತಿ ಮನೆಗೆ ಇರಲಿಲ್ಲ. ಒಂದು ಬೆಳಿಗ್ಗೆ ನನಗೆ ಪಾಟಿಚೀಲ ಇಡು, ಪ್ರೆಸ್ಸಿಗೆ ನಡಿ ಎಂದರು. ಅಣ್ಣ ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿದ. ಈಗಲೂ ಆ ಸ್ಟ್ರೈಕಿನ ಕಥೆಯನ್ನು ನಗುತ್ತ ಹೇಳುತ್ತಾನೆ. ಆ ಕಥೆಯಲ್ಲಿ ನಾನು ಬರುವುದಿಲ್ಲ.

ಮಗಳು ಅವತ್ತು ಅಷ್ಟಕ್ಕೇ ಎದ್ದು ಹೋದಳು. ಎರಡು ದಿನ ಬಿಟ್ಟು ಬಂದು, ಈ ಸಲ ಕನ್ನಡದಲ್ಲೇ, ಹುಡುಕಿ ಹುಡುಕಿ ಹೇಳಿದಳು:

"ಪೊಲಿಟಿಕ್ಸ್ ಕೆಟ್ಟದ್ದು ಅಂತ ಅಲ್ಲ, ಅಪ್ಪಾ. ಜಗಳ ಆಡೋರು ಒಬ್ರು. ಅದಕ್ಕೆ ಓದು ಬಿಡೋರು ಬೇರೆ ಒಬ್ರು. ಅವರನ್ನ ಯಾರೂ ಕೇಳಿರಲ್ಲ. ಅದೇ ತಾನೆ ನೀವು ಹೇಳೋದು?"

ಎದೆಗೆ ಬಂದು ತಾಗಿತು. ನಾನೂ ಅದನ್ನು ಇಷ್ಟು ನೆಟ್ಟಗೆ ನನಗೆ ಹೇಳಿಕೊಂಡಿರಲಿಲ್ಲ. ಅದೇ, ಅಕ್ಷರಶಃ ಅದೇ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಹತ್ರ ಬಂತು," ಎಂದೆ. "ಆದ್ರ ಅಲ್ಲ."

ಯಾಕೆಂದರೆ ಹೌದು ಎಂದ ಕೂಡಲೇ ಅವಳು ಎದ್ದು ಆ ಮೇಜಿಗೆ ಹೋಗುತ್ತಾಳೆ. ಸ್ಟೂಲು ಖಾಲಿಯಾಗುತ್ತದೆ. ಅಲ್ಲ ಎನ್ನುವವರೆಗೂ ಅವಳು ನನ್ನ ಬಳಿ ಬರಲೇಬೇಕು; ಅದು ಅವರದೇ ನಿಯಮ. ಮೇಷ್ಟ್ರು ಕಟ್ಟಿದ ಬಲೆಯಲ್ಲಿ ನಾನು ನನ್ನ ಮಗಳನ್ನು ಹಿಡಿದುಕೊಂಡೆ. ಅದು ತಪ್ಪು ಎಂದು ನನಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಇಷ್ಟು ವರ್ಷದ ಬಾಕಿ ಮಾತನ್ನು ಆ ಕೆಲವು ವಾರಗಳಲ್ಲಿ ಆಡಿಸಿಕೊಂಡೆ. ಪ್ರೆಸ್ಸಿನಲ್ಲಿ ಮೊಳೆಗಳನ್ನು ತಲೆಕೆಳಗಾಗಿ ಓದುತ್ತಿದ್ದದ್ದು, ವಿಮಾನದಲ್ಲಿ ಮೊದಲ ಸಲ ಕೂತದ್ದು, ಅವಳ ತಾತ ನನ್ನನ್ನು ಅಳಿಯನಾಗಿ ಒಪ್ಪಲು ಪಟ್ಟ ಪಾಡು, ಎಲ್ಲ ಕೇಳಿದಳು. ಪಕ್ಕದಿಂದ ಚಹಾ ಟಪಾವ್, ಅಂದರೆ ಪಾರ್ಸೆಲ್, ಮಾಡಿಸಿ ತರುತ್ತಿದ್ದಳು, ಪ್ಲಾಸ್ಟಿಕ್ ಚೀಲದಲ್ಲಿ ಸ್ಟ್ರಾ ಹಾಕಿ, ನನಗೊಂದು ಅವಳಿಗೊಂದು. ಒಂದು ಗುರುವಾರ ಸಂಜೆಯೂ ನನ್ನ ಹತ್ತಿರವೇ ಉಳಿದಳು. ಆ ಸಂಜೆ ನಾನು ಹೊರಗೆ ಇಳಿದು ಆ ಮೇಜಿನ ಕಡೆ ಒಮ್ಮೆ ನೋಡಿ ಬಂದೆ. ಅವಳ ಕುರ್ಚಿ ಖಾಲಿ ಇತ್ತು. ಎಷ್ಟು ಖುಷಿಯಾಯಿತೆಂದರೆ ಅವತ್ತಿನ ಕೊನೆಯ ಗಿರಾಕಿಗೆ ಬೈಂಡಿಂಗು ಪುಕ್ಕಟೆ ಮಾಡಿಕೊಟ್ಟೆ.

ನನ್ನ ಹೆಂಡತಿಗೆ ತಿಳಿದುಹೋಯಿತು. ಅವಳು ತಮಿಳಿನಲ್ಲಿ, ಪಾಪದ ಹುಡುಗಿಯನ್ನು ಯಾಕೆ ಸುತ್ತಾಡಿಸುತ್ತೀರಿ, ಅವಳು ಹೇಳಿದ್ದು ಸರಿ ಎಂದು ನಿಮ್ಮ ಮುಖದ ಮೇಲೇ ಬರೆದಿದೆ ಎಂದಳು. ನಾನು ಅನ್ನ ಬಡಿಸು ಎಂದೆ.

ಸಭೆಯ ಹಿಂದಿನ ದಿನ ಮೇಷ್ಟ್ರು ಅಂಗಡಿಗೆ ಬಂದರು. ಕೈಯಲ್ಲಿ ಕಾಪಿ ಮಾಡಿಸುವ ಹಾಳೆ ಇರಲಿಲ್ಲ.

"ನಾಳೆ ಅವಳು ಮಾತಾಡುದಿಲ್ಲ ಅಂತ ಹೇಳಿದಳು," ಎಂದರು. "ಇನ್ನೂ ಹೌದು ಸಿಗಲಿಲ್ಲವಂತೆ."

"ಸರಿಯಾಗಿ ಹೇಳಿದ್ರ ಹೌದು ಅಂತೀನ್ರಿ ಸರ."

ಬೇರೆ ಯಾರಾದರೂ ಆಗಿದ್ದರೆ ನಗುತ್ತಿದ್ದರು, ಇಲ್ಲವೇ ಬುದ್ಧಿ ಹೇಳುತ್ತಿದ್ದರು. ಅವರು ಎರಡೂ ಮಾಡಲಿಲ್ಲ. ಸ್ಟೂಲಿನ ಕಡೆ ನೋಡಿದರು. ಅದರ ಮೇಲೆ ಮಗಳ ಜಾಕೆಟ್ಟು ಬಿದ್ದಿತ್ತು. ನಾನು ಅದನ್ನು ತೆಗೆದು ಸ್ಟೂಲನ್ನು ಅವರ ಕಡೆ ಸರಿಸಿದೆ. ಕೂರಲಿಲ್ಲ.

"ನನಗೊಬ್ಬ ಮಗ ಇದ್ದಾನೆ. ಮಣಿಪಾಲದಲ್ಲಿ, ತಾಯಿಯ ಒಟ್ಟಿಗೆ. ಸಣ್ಣವನಿರುವಾಗ ಅವನು ಎಂತ ಕೇಳಿದ್ರೂ ನಾನು ಆ ಕಡೆಯದ್ದೂ ಹೇಳಿದೆ, ಈ ಕಡೆಯದ್ದೂ ಹೇಳಿದೆ. ನನ್ನದು ಯಾವುದು ಅಂತ ಮಾತ್ರ ಹೇಳ್ಲಿಲ್ಲ. ಅವನೇ ಯೋಚನೆ ಮಾಡ್ಲಿ ಅಂತ. ಈಗ ಅವನು ಕೇಳುದೇ ಇಲ್ಲ." ಕರ್ಚೀಫಿನಿಂದ ಮೂಗು ಒರೆಸಿಕೊಂಡರು. "ನಿಮ್ಮ ಮಗಳಿಗೆ ಜಗಳ ಆಡ್ಲಿಕ್ಕೆ ಒಬ್ಬ ಅಪ್ಪ ಇದ್ದಾನೆ. ನನ್ನ ಮಗನಿಗೆ ನಾನು ಅಷ್ಟೂ ಕೊಡ್ಲಿಲ್ಲ ಮಾರಾಯ್ರೆ. ಅವಳು ಇಲ್ಲಿ ಕೂತದ್ದು ಕಂಡ್ರೆ ನನಗೆ ಹೊಟ್ಟೆ ಉರೀತದೆ."

ಯಾರ ಮೇಲೆ ನಾನು ದಿನಾ ಉರಿಯುತ್ತಿದ್ದೆನೋ ಅವರು ನನ್ನ ಸ್ಟೂಲಿನ ಮೇಲೆ ಕಣ್ಣಿಟ್ಟಿದ್ದರು. ನಾಳೆ ನೀವೂ ಬನ್ನಿ, ಹಿಂದಿನ ಸಾಲಿನಲ್ಲಿ ಕೂರಬಹುದು ಎಂದು ಹೇಳಿ ಹೋದರು.

ಮರುದಿನ ಕೆಲಸದ ಹೊತ್ತಿನಲ್ಲಿ ಶಟರ್ ಎಳೆದೆ. ಅಂಗಡಿ ಹಾಕಿದ ಮೇಲೆ ಹಬ್ಬವಿಲ್ಲದ ದಿನ ಹಾಗೆ ಮಾಡಿರಲಿಲ್ಲ. ಕಾಲೇಜಿನ ಹಾಲಿನಲ್ಲಿ ನಿಜವಾಗಿಯೂ ಐಸ್‌ಕ್ರೀಂ ಫ್ಯಾಕ್ಟರಿಯ ಚಳಿ. ಹಿಂದಿನ ಸಾಲಿನಲ್ಲಿ ಕೂತೆ. ಕಾವಲಿನವನು ಪ್ರಿಂಟರ್ ರಿಪೇರಿಗೆ ಬಂದಿದ್ದೀರಾ ಎಂದು ಕೇಳಿ ಹೋದ. ಗೋಡೆಗೆ ಅಂಟಿಸಿದ್ದೆಲ್ಲ ನನ್ನ ಕೈಯಲ್ಲಾದ ಪೋಸ್ಟರುಗಳೇ. ಒಬ್ಬರಾದ ಮೇಲೆ ಒಬ್ಬರು ಮಾತಾಡಿದರು. ಕರೆಯಬಾರದು ಎಂದವರಿಗೆ ಜೋರು ಚಪ್ಪಾಳೆ. ಕರೆಯಬೇಕು ಎಂದ ಒಬ್ಬ ಹುಡುಗನಿಗೆ ಗದ್ದಲ. ಅವನು ಪಾಪ, ನನ್ನ ಹತ್ತಿರ ಹಳೇ ಪೇಪರ್ ಸುತ್ತಿಸಿಕೊಂಡು ಹೋದವನು. ಮಗಳು ಮುಂದಿನ ಸಾಲಿನಲ್ಲಿ ಕೈಕಟ್ಟಿ ಸುಮ್ಮನೆ ಕೂತಿದ್ದಳು. ಅವಳ ಗೆಳತಿಯರು ಮೊಣಕೈಯಲ್ಲಿ ತಿವಿಯುತ್ತಿದ್ದರು, ಏಳು ಏಳು ಎಂದು. ಅವಳು ತಲೆ ಅಲ್ಲಾಡಿಸುತ್ತಿದ್ದಳು.

ಅಲ್ಲಿ ಹೌದೋ ಅಲ್ಲವೋ ಎಂದು ಯಾರು ನೋಡುತ್ತಿದ್ದರು? ಅವಳು ಎದ್ದು ಮಾತಾಡಿದ್ದರೆ ತಡೆಯುವವರು ಯಾರಿದ್ದರು? ಆದರೂ ಕೂತಿದ್ದಳು. ಅಪ್ಪ ಹೌದು ಅಂದಿಲ್ಲ, ಅದಕ್ಕೆ. ಅಷ್ಟು ಜನರ ನಡುವೆ ನನ್ನ ಒಂದು ಮಾತಿಗಾಗಿ ಬಾಯಿ ಮುಚ್ಚಿಕೊಂಡು ಕೂತಿದ್ದಳು.

ನಾನು ಎದ್ದು ನಿಂತೆ. ಕುರ್ಚಿ ಕಿರ್ರೆಂದಿತು, ಕೆಲವರು ತಿರುಗಿದರು, ಅವಳೂ ತಿರುಗಿದಳು. ದೂರದಿಂದಲೇ ತಲೆ ಆಡಿಸಿದೆ. ಅವಳಿಗೆ ಅರ್ಥವಾಗಲಿಲ್ಲವೋ, ನಂಬಿಕೆ ಬರಲಿಲ್ಲವೋ. ಬಾಯಿ ಬಿಟ್ಟು ಹೇಳಬೇಕಾಯಿತು. "ಹೌದವ್ವಾ," ಎಂದೆ. "ನೀ ಅವತ್ತ ಹೇಳಿದ್ದು. ಅದೇ."

ಅವಳು ಮೈಕಿಗೆ ಹೋದಳು. ಮೊದಲು ನನ್ನ ಮಾತನ್ನು ಇಂಗ್ಲಿಷಿನಲ್ಲಿ ಅಷ್ಟೂ ಜನರಿಗೆ ಹೇಳಿದಳು, ಜಗಳ ಆಡುವವರು ಒಬ್ಬರು, ಓದು ಬಿಡುವವರು ಇನ್ನೊಬ್ಬರು ಎಂದು. ನನ್ನ ಅಣ್ಣನ ಕಥೆ ಹೇಳಲಿಲ್ಲ. ಅದಕ್ಕೆ ನಾನು ಇಂದಿಗೂ ಋಣಿ. ಆಮೇಲೆ, "ಬಟ್ ಮೈ ಅಪ್ಪ ಈಸ್ ರಾಂಗ್ ಲಾ," ಎಂದಳು. ಸಭೆಗೆ ಸಭೆಯೇ ನಕ್ಕಿತು. ನಾನೂ ನಕ್ಕೆ. ಅಲ್ಲಿಂದ ಮುಂದೆ ನನ್ನನ್ನು ಒಂದೊಂದೇ ಮಾತಿನಲ್ಲಿ ಬಿಡಿಸಿ ಇಟ್ಟಳು. ಕೇಳದೆ ಬಿಟ್ಟವರಿಗೆ ನೋವಾಗುತ್ತದೆ ಎನ್ನುವುದಾದರೆ, ಎಲ್ಲರ ಬಾಯಿ ಮುಚ್ಚಿಸುವುದು ಅದಕ್ಕೆ ಮದ್ದಲ್ಲ, ಯಾರನ್ನೂ ಕೇಳದೆ ಬಿಡದಿರುವುದು ಮದ್ದು ಎಂದಳು. ಅದಕ್ಕೇ ಆ ಪಕ್ಷದವರನ್ನೂ ಕರೆಯೋಣ, ನಮ್ಮ ಎದುರೇ ಹೇಳಲಿ, ನಮ್ಮ ಎದುರೇ ಉತ್ತರ ಕೇಳಲಿ ಎಂದಳು. ಅವಳ ಗುಂಪಿನವರ ನಗು ಅಲ್ಲಿಗೆ ನಿಂತಿತು.

ಚಪ್ಪಾಳೆ ಹೆಚ್ಚೇನೂ ಬರಲಿಲ್ಲ. ಮೈಕು ಬಿಟ್ಟು ಇಳಿಯುವಾಗ ಅವಳು ತಲೆ ಎತ್ತಿ ನೋಡಿದಳು. ನನ್ನ ಕಡೆಗಲ್ಲ. ಬಾಗಿಲ ಪಕ್ಕ ಕರ್ಚೀಫು ಹಿಡಿದು ನಿಂತಿದ್ದ ಮೇಷ್ಟ್ರ ಕಡೆಗೆ... ಆಮೇಲೆ ನನ್ನ ಕಡೆಗೆ.

ಮತ ಎಣಿಸಿದಾಗ ಅವಳ ಮಾತು ಸೋತಿತು. ಆ ಪಕ್ಷವನ್ನು ಕರೆಯಲಿಲ್ಲ. ಗೆಳತಿಯರು ಕೆಲವು ತಿಂಗಳು ಅವಳನ್ನು ದೂರ ಇಟ್ಟರು. ಸ್ಟೂಲು ಖಾಲಿಯಾಗಲಿಲ್ಲ. ದಿನಾ ಬರುವುದು ನಿಂತರೂ ವಾರಕ್ಕೆ ಒಂದೆರಡು ಸಲ ಬಂದು ಜಗಳ ತೆಗೆಯುತ್ತಿದ್ದಳು. ಜಗಳದ ನಡುವೆ "ಸರ್ ಏನು ಹೇಳ್ತಾರೆ ಅಂದ್ರೆ" ಎಂದು ಬರುತ್ತಿತ್ತು, ಆಗೆಲ್ಲ ನನಗೆ ಮೈ ಉರಿಯುತ್ತಿತ್ತು. ಮೇಷ್ಟ್ರು ಬಂದರೆ ಸ್ಟೂಲು ಎಳೆದುಕೊಡುವುದನ್ನು ಮಾತ್ರ ಮತ್ತೆ ಶುರುಮಾಡಿದೆ. ಅವರ ಮಗನ ಮಾತು ನಮ್ಮ ನಡುವೆ ಮತ್ತೆ ಬರಲಿಲ್ಲ. ನಾನು ತೆಗೆಯಲಿಲ್ಲ, ಅವರೂ ತೆಗೆಯಲಿಲ್ಲ.

ಮಗಳು ಡಿಗ್ರಿ ಮುಗಿಸಿದ ವರ್ಷವೇ ಅವರ ಅವಧಿ ಮುಗಿಯಿತು. ಊರಿಗೆ ಹೊರಡುವ ಮುಂಚೆ ಅಂಗಡಿಗೆ ಬಂದು ಕೈ ಹಿಡಿದುಕೊಂಡರು. ಗುರುವಾರದ ಮೇಜನ್ನು ಮುಂದುವರಿಸುವವರು ಯಾರೂ ಸಿಗಲಿಲ್ಲ. ಮಗಳಿಗೆ ಬಯಾನ್ ಲೆಪಾಸ್‌ನ ಒಂದು ಫ್ಯಾಕ್ಟರಿ ಆಫೀಸಿನಲ್ಲಿ ಕೆಲಸವಾಯಿತು, ಪಿನಾಂಗಿಗೆ ಹೋದಳು. ನನಗೆ ಭಾನುವಾರ ಫೋನು ಮಾಡುತ್ತಾಳೆ. ಅವರಿಗೆ ಯಾವಾಗೆಂದರೆ ಆವಾಗ ಮೆಸೇಜು ಹೋಗುತ್ತಿತ್ತು. ಹಾಗೆಂದು ಅವಳೇ ಒಮ್ಮೆ ಬಾಯಿ ತಪ್ಪಿ ಹೇಳಿದ್ದಳು.

ಅವರು ತೀರಿಕೊಂಡ ಸುದ್ದಿಯೂ ನನಗೆ ಅವಳಿಂದಲೇ ಬಂತು, ಹೋದ ವರ್ಷ. ಎದೆಯ ತೊಂದರೆ ಇತ್ತಂತೆ. ಅದು ಅವಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಫೋನಿನಲ್ಲಿ ಬಿಕ್ಕಿ ಬಿಕ್ಕಿ ಅತ್ತಳು. ಸಮಾಧಾನ ಹೇಳುತ್ತಲೇ ಇದ್ದೆ. ಹೇಳುತ್ತಲೇ, ನನಗಾಗಿಯೂ ಇವಳು ಇಷ್ಟು ಅಳುತ್ತಾಳೆಯೇ ಎಂದು ಒಳಗೊಳಗೇ ಅಳೆಯುತ್ತಿದ್ದೆ. ಮನುಷ್ಯ ಹೋದ ಮೇಲೂ ಆ ಉರಿ ಹೋಗಿರಲಿಲ್ಲ.

ರಜೆ ಹಾಕಿ ಮಣಿಪಾಲಕ್ಕೆ ಹೊರಟಳು. ನೀವೂ ಬನ್ನಿ ಅಪ್ಪಾ ಎಂದಳು. ಅಂಗಡಿ ಇದೆ ಎಂದೆ. ಹಿಂತಿರುಗುವಾಗ ಮನೆಗೆ ಬಂದು ಎರಡು ದಿನ ಇದ್ದಳು. ಅಲ್ಲಿಗೆ ಬೇರೆ ಬೇರೆ ವರ್ಷದ ವಿದ್ಯಾರ್ಥಿಗಳು ಬಂದಿದ್ದರಂತೆ, ಬೇರೆ ಬೇರೆ ಪಕ್ಷದವರು, ಮೊದಲು ಕಚ್ಚಾಡಿದವರು. ಎಲ್ಲರೂ ಮೇಷ್ಟ್ರ ಬಗ್ಗೆ ಒಂದೊಂದು ಕಥೆ ಹೇಳುತ್ತಿದ್ದರಂತೆ. ಅವರ ಮಗ ಚಹಾ ತಂದುಕೊಟ್ಟು ಪಕ್ಕದಲ್ಲೇ ಕೂತು ಕೇಳುತ್ತಿದ್ದನಂತೆ.

"ಅವನು ಎಲ್ಲರ ಹತ್ರಾನೂ ಒಂದೇ ಕೇಳ್ತಿದ್ದ, ಅಪ್ಪಾ," ಎಂದಳು. "ನನ್ನ ಬಗ್ಗೆ ಏನಾದ್ರೂ ಹೇಳ್ತಿದ್ರಾ ಅಂತ. ನೋಬಡಿ ಹ್ಯಾಡ್ ಎನಿಥಿಂಗ್. ನನ್ನ ಹತ್ರಾನೂ ಏನೂ ಇರಲಿಲ್ಲ."

ನಾನು ಊಟ ಮಾಡುತ್ತಿದ್ದೆ. ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ಬೇರೆಯವರ ಮಕ್ಕಳ ಬಾಯಲ್ಲಿ ತನ್ನ ಅಪ್ಪನ ಕಥೆ ಕೇಳುತ್ತ ಕೂತ ಆ ಹುಡುಗನಿಗೆ ಒಳಗೆ ಏನಾಗುತ್ತಿತ್ತು ಎಂದು ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಅವನ ನಂಬರು ಇದೆಯೇ ಎಂದು ಕೇಳಿದೆ. ಯಾಕೆ ಎಂದು ಅವಳು ಕೇಳಲಿಲ್ಲ, ನನ್ನ ಫೋನಿಗೆ ಕಳಿಸಿದಳು.

ಅದು ಆಗಿ ಬಹಳ ದಿನವಾಯಿತು. ಅವನಿಗೆ ಹೇಳಬೇಕಾದದ್ದು ದೊಡ್ಡದೇನಲ್ಲ. ನಿಮ್ಮ ಅಪ್ಪ ಒಂದು ದಿನ ನನ್ನ ಅಂಗಡಿಯಲ್ಲಿ ನಿಂತು ನಿಮ್ಮ ಬಗ್ಗೆ ಇಂತಿಂಥ ಮಾತು ಹೇಳಿದರು ಎಂದರೆ ಮುಗಿಯಿತು. ಎರಡು ಸಲ ಫೋನು ಕೈಗೆತ್ತಿಕೊಂಡು ಹಾಗೇ ಇಟ್ಟಿದ್ದೇನೆ. ಅಷ್ಟು ಮಕ್ಕಳಿಗೆ ಅಷ್ಟು ಮಾತು ಹೇಳಿದ ಮನುಷ್ಯ ಅದೊಂದನ್ನು ನನಗೆ ಮಾತ್ರ ಹೇಳಿದ್ದರು. ನನ್ನ ಮಗಳ ಹತ್ತಿರವೂ ಅದು ಇಲ್ಲ. ಅವನಿಗೆ ಕೊಟ್ಟುಬಿಟ್ಟರೆ ನನಗಂತ ಅವರದು ಇನ್ನೇನೂ ಉಳಿಯುವುದಿಲ್ಲ...

ಊರಲ್ಲಿ ಈಗ ಮಧ್ಯಾಹ್ನದ ಊಟದ ಹೊತ್ತು. ಅವನು ಮನೆಯಲ್ಲಿ ಇರಬಹುದು. ಇದನ್ನು ಇಲ್ಲಿಗೆ ನಿಲ್ಲಿಸಿ ಫೋನು ಮಾಡುತ್ತೇನೆ.